ಯೂತ್ ಕೂಟಕ್ಕೆ 60 ಜನ ಬರ್ತಿದ್ರು, ಈಗ 20 ಬಂದ್ರೆ ಹೆಚ್ಚು

ಪ್ರಶ್ನೆ: ಅಣ್ಣಾ ವಂದನೆ. ನಾನು ಧಾರವಾಡದ ಕಡೆ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಯೂತ್ ಸೆಕ್ರೆಟರಿ, ವಯಸ್ಸು 26. ಹೋದ ವರ್ಷ ಡ್ರಮ್ಸ್, ಹೊಸ ಕೀಬೋರ್ಡ್ ತಗೊಂಡ್ವಿ, ದಾಂಡೇಲಿಯಲ್ಲಿ 3 ದಿನ ಕ್ಯಾಂಪ್ ಮಾಡಿದ್ವಿ, ಆಗ 60 ಜನ ಬರ್ತಿದ್ರು. ಈಗ 20 ಬಂದ್ರೆ ಹೆಚ್ಚು, ಡಿಗ್ರಿ ಮುಗಿಸಿದವರು ಬೇರೆ ಕೆಲ್ಸ ಅಂತ ಬೆಂಗಳೂರು, ಪುಣೆ ಸೇರ್ಕೊಂಡ್ರು. ಕಮಿಟಿಯವರು "ಯೂತ್ ಎಲ್ಲಪ್ಪಾ" ಅಂತ ಕೇಳ್ತಾರೆ. ಮತ್ತೆ ಕ್ಯಾಂಪ್ ಇಟ್ರೆ ಸರಿಹೋಗತ್ತಾ?

ಉತ್ತರ: ತಮ್ಮಾ, ಕ್ಯಾಂಪ್ ವಿಷಯ ಆಮೇಲೆ. ಇವತ್ತು ರಾತ್ರಿ ಒಂದು ನೋಟ್‌ಬುಕ್ ತಗೊಂಡು ಆ 60 ಜನರ ಹೆಸರು ಬರಿ, ಹೆಸರಿನ ಮುಂದೆ ಮನೇಲಿ ಯಾರಿದಾರೆ, ಏನು ಓದ್ತಾರೆ, ಕೊನೇ ಸಲ ಯಾವುದಕ್ಕೆ ಪ್ರಾರ್ಥನೆ ಮಾಡಿ ಅಂದಿದ್ರು ಅಂತ ಬರಿ. ಎಷ್ಟು ಸಾಲು ತುಂಬತ್ತೋ ನಿನ್ನ ಯೂತ್ ಅಷ್ಟೇ ಇತ್ತು.

ಬೈತಿದೀನಿ ಅನ್ಕೋಬೇಡ, ನಾನೂ ಇದೇ ತಪ್ಪು ಮಾಡಿದವನು. ನಮ್ಮ ಕೂಟಕ್ಕೆ ಒಬ್ಬ ಹಾಸ್ಟೆಲ್ ಹುಡುಗ ಬರ್ತಿದ್ದ, ಮುಗಿದ ಮೇಲೆ ಮೈಕ್ ವೈರ್ ಎಲ್ಲ ಮೊಣಕೈಗೆ ಸುತ್ತಿ ಪೆಟ್ಟಿಗೆಗೆ ಹಾಕಿ, ಚೇರ್ ಒಂದರ ಮೇಲೊಂದು ಪೇರಿಸಿಟ್ಟು ಹೋಗ್ತಿದ್ದ, 8 ತಿಂಗಳು ಹೀಗೇ ನಡೀತು, ನಾನು "ಥ್ಯಾಂಕ್ಸ್ ಬ್ರದರ್" ಅಂತಿದ್ದೆ ಅಷ್ಟೇ. ಒಂದು ಭಾನುವಾರ ವೈರ್ ನೆಲದ ಮೇಲೇ ಬಿದ್ದಿತ್ತು, ಅವನು ಬಂದಿಲ್ಲ ಅಂತ ನಂಗೆ ಆಗ ಗೊತ್ತಾಗಿದ್ದು. ಫೋನ್ ಮಾಡೋಣ ಅಂದ್ರೆ ನಂಬರ್ ಹೋಗ್ಲಿ, ಹೆಸರೇ ಗೊತ್ತಿಲ್ಲ. ಆಮೇಲೆ ಗೊತ್ತಾಯ್ತು, ಅವರಪ್ಪ ತೀರಿಕೊಂಡು ಆಗ್ಲೇ ಒಂದು ವಾರ ಆಗಿತ್ತು.

ಬೈಬಲಿನ ವಿಮೋಚನಕಾಂಡ 18ನೇ ಅಧ್ಯಾಯದಲ್ಲಿ ಮಾವ ಇತ್ರೋ ಮೋಶೆಗೆ ಹೇಳೋದು ನೋಡು, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಕೊನೆಗೆ ಹತ್ತು ಜನಕ್ಕೂ ಒಬ್ಬೊಬ್ಬ ಮುಖ್ಯಸ್ಥನ್ನ ಇಡು ಅಂತ. ನಿಮ್ಮ 20 ಜನನ್ನ ಮೂರು ಗುಂಪು ಮಾಡು, ಒಂದೊಂದಕ್ಕೆ ನಿನ್ನ ವಯಸ್ಸಿನವರು ಒಬ್ಬರು, ಜೊತೆಗೆ ಸಭೆಯ ಒಬ್ಬ ಆಂಟಿನೋ ಅಂಕಲ್ಲೋ ಇರ್ಲಿ, ಚೆನ್ನಾಗಿ ಮಾತಾಡೋರೇ ಆಗ್ಬೇಕಂತಿಲ್ಲ, ಮನೆಗೆ ಕರೆದು ಚಹಾ ಕೊಟ್ಟು ಹುಡುಗರ ಮಾತು ಕೇಳೋರಾದ್ರೆ ಸಾಕು. 18 ತುಂಬದ ಮಕ್ಕಳ ಜೊತೆ ಮಾತ್ರ ದೊಡ್ಡವರು ಒಬ್ಬರೇ ಬಾಗಿಲು ಹಾಕಿದ ರೂಮಲ್ಲಿ ಕೂರೋ ಹಾಗಿಲ್ಲ, ಯಾರೇ ಆಗ್ಲಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದ್ರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾಯ್ದೆ ಹೇಳತ್ತೆ, ಸಭೆಯೊಳಗೇ ಮುಚ್ಚಿ ಹಾಕೋ ಮಾತೇ ಇಲ್ಲ.

ಕೆಲಸಾನೂ ಕೊಡು. ಕ್ರಿಸ್ಮಸ್‌ಗೆ ಸ್ಟಾರ್ ಕಟ್ಟೋದು ಮಾತ್ರ ಅಲ್ಲ, ಆರಾಧನೆಯಲ್ಲಿ ವಾಕ್ಯ ಓದೋದು, ಸಂಡೇ ಸ್ಕೂಲಲ್ಲಿ ಕಲಿಸೋದು, ಯೂತ್ ಲೆಕ್ಕ ಬರೆಯೋದು. ತಪ್ಪು ಮಾಡ್ತಾರೆ, ಮಾಡ್ಲಿ. ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಗೆ ಕಲಿಸಿ, ತಿಮೊಥೆ ನಂಬಿಗಸ್ತರಿಗೆ, ಅವರು ಇನ್ನೊಬ್ಬರಿಗೆ ಅಂತ 2 ತಿಮೊಥೆ 2:2ರ ಒಂದೇ ವಾಕ್ಯದಲ್ಲಿ ನಾಲ್ಕು ತಲೆಮಾರು ಇದೆ, ಕಮಿಟಿಯವರು ಕೇಳಿದ್ರೆ ಹಾಜರಿ ಬದಲು ಈ ವರ್ಷ ಎಷ್ಟು ಜನ ಇನ್ನೊಬ್ಬರಿಗೆ ಕಲಿಸೋ ಹಾಗಾದ್ರು ಅನ್ನೋ ಲೆಕ್ಕ ಕೊಡು.

ಊರು ಬಿಟ್ಟವರನ್ನ ನಷ್ಟದ ಲೆಕ್ಕಕ್ಕೆ ಹಾಕ್ಬೇಡಪ್ಪಾ, ನನಗೆ ತುಂಬಾ ಸಂಕಟ ಆಗೋದು ಇಲ್ಲೇ. ಪಿಜಿಯಲ್ಲಿ ಒಬ್ಬಂಟಿ ಇರೋ ಹುಡುಗಿಗೆ ಮೊದಲನೇ ಭಾನುವಾರ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿರಲ್ಲ. ಬೆಂಗಳೂರಲ್ಲಿ ಹಡ್ಸನ್ ಚರ್ಚ್‌ನಂಥ ಕನ್ನಡ ಸಭೆಗಳಿವೆ, ಹೊರಡೋ ಮುಂಚೆನೇ ಅಲ್ಲಿನ ಸಭೆಗೆ ನಿಮ್ಮ ಪಾಸ್ಟರ್ ಅಯ್ಯನವರಿಂದ ಪತ್ರ ಬರೆಸಿಕೊಡು, ಮೊದಲ ತಿಂಗಳು ವಾರಕ್ಕೊಂದು ಫೋನ್ ಮಾಡು.

ಡ್ರಮ್ಸ್ ಇರ್ಲಿ, ಕ್ಯಾಂಪೂ ಮೇ ರಜೇಲಿ ಇಟ್ಕೊಳ್ಳಿ. ಅದಕ್ಕೂ ಮುಂಚೆ ನೋಟ್‌ಬುಕ್ಕಲ್ಲಿ ಖಾಲಿ ಉಳಿದ ಹೆಸರುಗಳಿಗೆ ದಿನಕ್ಕೆ ಒಬ್ಬರ ಹಾಗೆ ಫೋನ್ ಮಾಡು, ಕೂಟಕ್ಕೆ ಬಾ ಅಂತ ಕರೀಬೇಡ, ಹೇಗಿದೀಯ ಅಂತ ಮಾತ್ರ ಕೇಳು.