ನಂಬಿಕೆಯನ್ನು ಗುರಾಣಿಯೆಂದು ಕರೆದಿರುವುದೇಕೆ?

ಆತ್ಮಿಕ ಹೋರಾಟದಲ್ಲಿ ನಂಬಿಕೆಯು ಕ್ರೈಸ್ತನನ್ನು ಹೇಗೆ ಕಾಪಾಡುತ್ತದೆ ಎಂಬ ಪ್ರಶ್ನೆಗೆ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ 16ನೆಯ ವಚನದಲ್ಲೇ ನೇರವಾದ ಉತ್ತರವಿದೆ: ಕೆಡುಕನ, ಅಂದರೆ ಸೈತಾನನ, ಅಗ್ನಿಬಾಣಗಳನ್ನೆಲ್ಲ ಆರಿಸಲು ನಂಬಿಕೆಯೆಂಬ ಗುರಾಣಿಯನ್ನು ಹಿಡಿದುಕೊಳ್ಳಬೇಕೆಂದು ಅದು ಹೇಳುತ್ತದೆ. ಅಲ್ಲಿ ಬಳಸಿರುವ ‘ಥುರೆಯೊಸ್’ ಎಂಬ ಗ್ರೀಕ್ ಪದವು ಬಾಗಿಲು ಎಂಬರ್ಥದ ಪದದಿಂದ ಬಂದದ್ದು. ಮರದ ತೆಳು ಹಲಗೆಗಳನ್ನು ಅಂಟಿಸಿ ಚರ್ಮ ಹೊದಿಸಿದ, ಸೈನಿಕನ ಮೈಯ ಬಹುಭಾಗವನ್ನು ಮರೆಮಾಡುವ ದೊಡ್ಡ ಗುರಾಣಿಗೆ ಆ ಹೆಸರು.

ಈ ಬಾಣಗಳಲ್ಲಿ ಪಾಪಕ್ಕೆ ಸೆಳೆಯುವ ಶೋಧನೆಯೂ ಇದೆ. ಆದರೆ ನಡುರಾತ್ರಿ ಎಚ್ಚರವಾದಾಗ ‘ನಿನ್ನ ಪಾಪಕ್ಕೆ ಕ್ಷಮೆಯಿಲ್ಲ, ದೇವರು ನಿನ್ನನ್ನು ಕೈಬಿಟ್ಟಿದ್ದಾನೆ’ ಎಂದು ಚುಚ್ಚುವ ಮಾತು, ನನ್ನ ಎಣಿಕೆಯಲ್ಲಿ, ಅದಕ್ಕಿಂತ ಆಳಕ್ಕೆ ನಾಟುತ್ತದೆ. ಆಗ ಕ್ಷಣಕ್ಕೊಂದು ಬಗೆಯಾಗುವ ಮನಸ್ಸನ್ನು ನೆಚ್ಚದೆ, ಪಾಪಗಳನ್ನು ಒಪ್ಪಿಕೊಂಡವರನ್ನು ಆತನು ಕ್ಷಮಿಸುವನೆಂಬ ವಾಗ್ದಾನವನ್ನು (1 ಯೋಹಾನ 1:9) ಹಿಡಿದು ನಿಲ್ಲುವುದೇ ಗುರಾಣಿಯನ್ನು ಎತ್ತುವ ಬಗೆ.

ಗುರಾಣಿಯ ಬಲವೆಲ್ಲ ನಂಬಿಕೆಯು ಯಾರನ್ನು ಆತುಕೊಂಡಿದೆಯೋ ಆತನದು. ತನ್ನ ಶಿಷ್ಯನಾದ ಪೇತ್ರನ ನಂಬಿಕೆ ಕುಂದದಿರಲೆಂದು ಯೇಸು ಮುಂಚೆಯೇ ಪ್ರಾರ್ಥಿಸಿದ್ದನು (ಲೂಕ 22:32). ಮೂರು ಸಲ ಆತನನ್ನು ಅರಿಯೆನೆಂದ ಪೇತ್ರನು ಬಹಳವಾಗಿ ಅತ್ತು, ತಿರುಗಿ ಬಂದನು. ನಂಬಿಕೆ ತೀರ ಕ್ಷೀಣಿಸಿದೆ ಎನ್ನಿಸುವವರು ಮಾರ್ಕ 9:24ರಲ್ಲಿ ಕಾಣುವ, ದೆವ್ವಹಿಡಿದ ಮಗನ ತಂದೆಯಂತೆ ಆ ಕೊರತೆಯನ್ನೇ ಯೇಸುವಿನ ಮುಂದಿಟ್ಟು ಸಹಾಯ ಬೇಡಬಹುದು. ಆ ತಂದೆಯ ಮಗನು ಅಲ್ಲೇ ಗುಣವಾದನು.