ಅರಮನೆ ಸಿಗದಿದ್ದರೂ ಗ್ರಹಾಂ ಕ್ಲಾರ್ಕ್ ಯಾಕೆ ದೊಡ್ಡವರು?

ಹಾಸನದ ಮೇಷ್ಟ್ರಿಗೆ ನಮಸ್ಕಾರ.

ಇಂಗ್ಲೆಂಡಿನ ಪುರಾತತ್ವಜ್ಞ ಗ್ರಹಾಂ ಕ್ಲಾರ್ಕ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಚಿಕ್ಕ ಟಿಪ್ಪಣಿ ಓದಿ ನೀವು ಕೇಳಿದ್ದೀರಿ: ‘ಈ ಮನುಷ್ಯನಿಗೆ ಅರಮನೆ ಸಿಗಲಿಲ್ಲ, ಚಿನ್ನ ಸಿಗಲಿಲ್ಲ, ಒಂದು ಶಾಸನವೂ ಸಿಗಲಿಲ್ಲ. ಜಿಂಕೆ ಕೊಂಬು ಅಗೆದವರನ್ನು ಇಷ್ಟು ಹೊಗಳುವುದು ಯಾಕೆ?’ ಕೇಳಬೇಕಾದ ಪ್ರಶ್ನೆಯೇ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ಲಾರ್ಕ್ ಹುಟ್ಟಿದ್ದು 1907ರಲ್ಲಿ, ಕೆಂಟ್ ಸೀಮೆಯಲ್ಲಿ. ಶಾಲೆಯಲ್ಲಿದ್ದಾಗಲೇ ಹಳೇ ಕಲ್ಲಿನ ಆಯುಧ ಹುಡುಕುವ ಹುಚ್ಚು ಹತ್ತಿತ್ತು. ಓದಿದ್ದು ಕೇಂಬ್ರಿಡ್ಜಿನಲ್ಲಿ. 1932ರಲ್ಲೇ ಬ್ರಿಟನ್ನಿನ ಮಧ್ಯ ಶಿಲಾಯುಗದ ಬಗ್ಗೆ ಪುಸ್ತಕ ತಂದರು. ಹಿಮಯುಗ ಮುಗಿದ ಮೇಲೆ, ಬೇಸಾಯ ಬರುವುದಕ್ಕೆ ಮುಂಚಿನ ಕಾಲ ಅದು. ಆಗೆಲ್ಲ ಪುರಾತತ್ವ ಅಂದರೆ ಆಯುಧಗಳನ್ನು ಆಕಾರ ನೋಡಿ ವಿಂಗಡಿಸುವುದೇ ಜಾಸ್ತಿ. ಅವರ ಪುಸ್ತಕವೂ ಹಾಗೇ ಇತ್ತು.

ಅದಕ್ಕೆ ಒಂದು ವರ್ಷ ಮುಂಚೆ, 1931ರಲ್ಲಿ, ಕೊಲಿಂಡಾ ಎಂಬ ಮೀನುಗಾರಿಕೆ ಹಡಗಿನ ಬಲೆಗೆ ಉತ್ತರ ಸಮುದ್ರದ ತಳದಿಂದ ಪೀಟ್ ಮಣ್ಣಿನ (ಜೌಗಿನಲ್ಲಿ ಗಿಡಗಂಟಿ ಅರೆಕೊಳೆತು ಆದ ಮಣ್ಣು) ಹೆಂಟೆಯೊಂದು ಬಂದಿತ್ತು. ಒಡೆದು ನೋಡಿದರೆ ಒಳಗೆ ಜಿಂಕೆ ಕೊಂಬಿನಲ್ಲಿ ಮಾಡಿದ, ಮುಳ್ಳುಮುಳ್ಳಾದ ಈಟಿ ಮೊನೆ! ಸಸ್ಯವಿಜ್ಞಾನಿ ಹ್ಯಾರಿ ಗಾಡ್ವಿನ್ ಅಲ್ಲಿನ ಪೀಟಿನಲ್ಲಿದ್ದ ಹೂವಿನ ಪರಾಗ ಪರೀಕ್ಷಿಸಿದರು. ಅದು ಸಿಹಿನೀರಿನಲ್ಲಿ ಆದ ಮಣ್ಣು ಎಂದು ಗೊತ್ತಾಯಿತು. ಅಂದರೆ ಈಗ ಸಮುದ್ರ ಇರುವಲ್ಲಿ ಆಗ ನೆಲ ಇತ್ತು, ಜನ ಬೇಟೆ ಆಡುತ್ತಿದ್ದರು. ಗಾಡ್ವಿನ್ ಜೊತೆ ಕೆಲಸ ಮಾಡುತ್ತಾ ಕ್ಲಾರ್ಕ್ ಕೇಳುವ ಪ್ರಶ್ನೆಗಳೇ ಬೇರೆಯಾದವು. ಸುತ್ತ ಯಾವ ಕಾಡಿತ್ತು? ಜನ ಏನು ತಿಂದರು? ಯಾವ ಋತುವಿನಲ್ಲಿ ಎಲ್ಲಿ ಇದ್ದರು?

ಇದಕ್ಕೆಲ್ಲ ಬರೀ ಕಲ್ಲು ಸಾಲದು. ಮರ, ಮೂಳೆ, ಕೊಂಬು ಬೇಕು. ಅವು ಉಳಿಯುವುದು ಗಾಳಿ ಆಡದ ಜೌಗು ಮಣ್ಣಿನಲ್ಲಿ. ಅಂಥ ಜಾಗ ಹುಡುಕುತ್ತಿದ್ದವರಿಗೆ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸ್ಕಾರ್‌ಬರೊ ಊರಿನ ಹತ್ತಿರ ಸ್ಟಾರ್ ಕಾರ್ ಎಂಬ ಜಾಗ ಸಿಕ್ಕಿತು. ಅದನ್ನು ಮೊದಲು ಪತ್ತೆಹಚ್ಚಿದವರು ಜಾನ್ ಮೂರ್ ಎಂಬ ಸ್ಥಳೀಯ ಹವ್ಯಾಸಿ. ಈ ಮಾತನ್ನು ಮರೆಯಬಾರದು.

1949ರಿಂದ 1951ರವರೆಗೆ ಕ್ಲಾರ್ಕ್ ಅಲ್ಲಿ ಅಗೆದರು. ಹಳೇ ಕೆರೆಯೊಂದರ ದಡ ಅದು. ಬರ್ಚ್ ಮರದ ತೊಗಟೆಯ ಸುರುಳಿಗಳು, ದೋಣಿ ನಡೆಸುವ ಮರದ ಹುಟ್ಟು ಒಂದು, 191 ಮುಳ್ಳುಮೊನೆಗಳು ಸಿಕ್ಕವು. ಎಲ್ಲಕ್ಕಿಂತ ವಿಶೇಷ, ಕೊಂಬಿನ ಸಮೇತ ಸಿಕ್ಕ 21 ಜಿಂಕೆ ತಲೆಬುರುಡೆಗಳು. ಭಾರ ಕಡಿಮೆಯಾಗುವ ಹಾಗೆ ಕೊಂಬು ಕೆತ್ತಿದ್ದಾರೆ. ಬುರುಡೆಯ ಒಳಮೈ ನಯ ಮಾಡಿ ತೂತು ಕೊರೆದಿದ್ದಾರೆ. ತಲೆಗೆ ಕಟ್ಟಿಕೊಳ್ಳಲು ತಾನೇ? ಬೇಟೆಯಲ್ಲಿ ಜಿಂಕೆಯನ್ನು ಏಮಾರಿಸಲೋ, ಕುಣಿತಕ್ಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸುಮಾರು 11,000 ವರ್ಷ ಹಿಂದಿನ ಮನುಷ್ಯ ಇಷ್ಟು ಹತ್ತಿರ ಬಂದು ನಿಲ್ಲುತ್ತಾನೆ ನೋಡಿ. ಯಾವ ಅರಮನೆಯ ಗೋಡೆಯೂ ನನಗೆ ಇಷ್ಟು ಹೇಳಿಲ್ಲ.

1952ರಲ್ಲಿ ಅವರು ಕೇಂಬ್ರಿಡ್ಜಿನಲ್ಲಿ ಡಿಸ್ನಿ ಪ್ರೊಫೆಸರ್, ಅಂದರೆ ಪುರಾತತ್ವದ ಪ್ರಾಧ್ಯಾಪಕ, ಆದರು. ಇತಿಹಾಸಪೂರ್ವ ಯುರೋಪಿನ ಜನ ಹೊಟ್ಟೆಪಾಡು ಹೇಗೆ ನಡೆಸಿದರು ಎಂಬ ಅವರ ದೊಡ್ಡ ಪುಸ್ತಕ ಬಂದದ್ದೂ ಅದೇ ವರ್ಷ. 1961ರಲ್ಲಿ ಇಡೀ ಜಗತ್ತಿನ ಇತಿಹಾಸಪೂರ್ವವನ್ನು ಒಂದೇ ಪುಸ್ತಕದಲ್ಲಿ ಬರೆದರು. 1935ರಿಂದ 1970ರವರೆಗೆ ಇತಿಹಾಸಪೂರ್ವ ಅಧ್ಯಯನದ ಸಂಘವಾದ ಪ್ರಿಹಿಸ್ಟಾರಿಕ್ ಸೊಸೈಟಿಯ ಪತ್ರಿಕೆಗೆ ಅವರೇ ಸಂಪಾದಕರು. ಸಂಪಾದಕನಾಗಿ ನನಗೆ ಇದು ಸಣ್ಣ ಕೆಲಸ ಅನ್ನಿಸುವುದಿಲ್ಲ. 1995ರಲ್ಲಿ ತೀರಿಕೊಂಡರು.

ಅವರು ಹೇಳಿದ್ದೆಲ್ಲ ಸರಿ ಎಂದಲ್ಲ. ಸ್ಟಾರ್ ಕಾರ್ ಚಳಿಗಾಲದ ಬಿಡಾರ ಅಂದರು. ಮುಂದೆ ಬಂದವರು ಅದೇ ಮೂಳೆ, ಹಲ್ಲುಗಳನ್ನು ಮತ್ತೆ ನೋಡಿ, ಜನ ಬೇಸಿಗೆಯಲ್ಲೂ ಇದ್ದರು ಅಂದರು. ಜಾಗವೂ ಅವರು ಅಂದುಕೊಂಡದ್ದಕ್ಕಿಂತ ತುಂಬಾ ದೊಡ್ಡದು. ಆದರೆ ಹಾಗೆ ಮರುಪರೀಕ್ಷೆ ಮಾಡಲು ಆಗಿದ್ದೇ ಅವರು ಮೂಳೆಗಳನ್ನು ಉಳಿಸಿಟ್ಟಿದ್ದರಿಂದ. ಈಗ ಅಲ್ಲಿನ ಪೀಟ್ ಒಣಗಿ ಆಮ್ಲೀಯವಾಗುತ್ತಿದೆ. ಈಚೆಗೆ ಸಿಕ್ಕ ಕೆಲವು ಮೂಳೆಗಳು ಮೆತ್ತಗಾಗಿಬಿಟ್ಟಿದ್ದವು.

ಮಗಳ ಮನೆಗೆ ಕೇಂಬ್ರಿಡ್ಜಿಗೆ ಹೋಗುವವನಿದ್ದೇನೆ ಎಂದು ಬರೆದಿದ್ದೀರಿ. ಅಲ್ಲಿನ ವಿಶ್ವವಿದ್ಯಾಲಯದ ಪುರಾತತ್ವ ಮತ್ತು ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ಸ್ಟಾರ್ ಕಾರ್ ವಸ್ತುಗಳಿವೆ. ನೋಡಿ ಬಂದು ಮತ್ತೆ ಪತ್ರ ಬರೆಯಿರಿ.

— ಸಂಪಾದಕ