ಮನೆ ಮನೆ ಪ್ರಚಾರ: ಯಾವ ಹೊತ್ತಿಗೆ, ಏನು ಮಾತು?

ಪುರಸಭೆ ಚುನಾವಣೆಗೆ ಪಕ್ಷದ ಪರ ಮೊದಲ ಸಲ ಮನೆ ಮನೆಗೆ ಹೋಗ್ತಿದ್ದೀನಿ, ಯಾವ ಹೊತ್ತು ಒಳ್ಳೇದು, ಏನು ಮಾತಾಡಲಿ ಅಂತ ಕೇಳಿದ್ದೀರಿ. ಸಂಜೆ ಹೋಗಿ ಸಾರ್. ನಲ್ಲಿ ನೀರು ಬಿಡೋ ಹೊತ್ತಿಗಂತೂ ಬೇಡವೇ ಬೇಡ, ಬೈಸ್ಕೊಂಡು ಬರ್ತೀರಿ. ವಾರ್ಡಿನ ಮತದಾರರ ಪಟ್ಟಿ ಕೈಲಿರಲಿ. ಕ್ರಮಸಂಖ್ಯೆ, ಮತಗಟ್ಟೆ ಹೇಳಿದ್ರೆ ಗೇಟಲ್ಲೇ ಮುಖ ತಿರುಗಿಸಿದವರೂ ನಿಂತು ಕೇಳ್ತಾರೆ. ದಿಲ್ಲಿ ರಾಜಕೀಯ ಎತ್ತಬೇಡಿ. ಚರಂಡಿ, ಬೀದಿದೀಪ, ಇ-ಖಾತಾ, ಕಸದ ಗಾಡಿ, ಇಷ್ಟೇ. ದೂರು ಹೇಳಿದ್ರೆ ಎದುರಿಗೇ ಬರ್ಕೊಳ್ಳಿ, ‘ನಾಳೆನೇ ಮಾಡಿಸ್ತೀವಿ’ ಅನ್ಬೇಡಿ. ಜಾತಿ ಕೇಳೋ ಚಾಳಿಯವರು ಜೊತೆಗಿದ್ರೆ ಹಿಂದೆ ನಿಲ್ಲಿಸಿ. ಬಹಿರಂಗ ಪ್ರಚಾರ ಮುಗಿದ ಮೇಲೂ ಮೈಕು, ಮೆರವಣಿಗೆ ಇಲ್ಲದೆ ಮನೆಗಳಿಗೆ ಹೋಗಬಹುದು. ಅಂದಹಾಗೆ, ಪಕ್ಷದ ಶಾಲು ಹಾಕ್ಕೊಂಡು ಗ್ರಾಮ ಪಂಚಾಯ್ತಿ ಚುನಾವಣೆಗೆ ಇಳೀಬೇಡಿ, ಅಲ್ಲಿ ಪಕ್ಷದ ಚಿಹ್ನೆಯೇ ಇರಲ್ಲ.